ಯಾಕಮ್ಮ ಕಟ್ಟಿದ ಸುಳ್ಳು ಸ್ಟ್ಯಾಕ್‌ಗಳು

ತಂಗಿಗೆ ಆ ಕೆಲಸ ಕೊಡಿಸಿದ್ದು ಅಕ್ಕನೇ. ಮ್ಯಾನೇಜರ್ ಹತ್ತಿರ ಹೋಗಿ, "ಸರ್, ನನ್ನ ತಂಗಿ ಇದ್ದಾಳೆ. ಅವಳಿದ್ದ ಕಂಪನಿ ಮುಚ್ಚಿಹೋಯ್ತು. ಟೆಸ್ಟಿಂಗ್‌ಗೆ ಯಾರಾದ್ರೂ ಬೇಕಿದ್ರೆ ನೋಡಿ" ಎಂದು ಬಾಯಿಬಿಟ್ಟು ಕೇಳಿದ್ದಳು. ತಂಗಿ ಹಗಲೆಲ್ಲ ಮನೆಯಲ್ಲಿ ಖಾಲಿ ಕೂತು ಅಮ್ಮನ ಜೊತೆ ಟಿವಿ ನೋಡುವುದು ಅವಳಿಗೆ ಕನಿಕರ ಹುಟ್ಟಿಸಿತ್ತು. ತಂಗಿಯ ಬಗ್ಗೆ ಕನಿಕರ ಪಡುವುದು ಅಕ್ಕನಿಗೆ ಮೊದಲಿನಿಂದಲೂ ಅಭ್ಯಾಸ. ಅದರಲ್ಲಿ ಒಂಥರಾ ಸುಖವೂ ಇತ್ತು.

ತಂಗಿಯನ್ನು ಮನೆಯಲ್ಲಿ ಯಾಕಮ್ಮ ಎಂದೇ ಕರೆಯುತ್ತಿದ್ದರು. ಮಾತು ಬಂದಾಗಿನಿಂದ ಅವಳದು ಒಂದೇ ಪ್ರಶ್ನೆ. ಸೋಪು ನೀಲಿ ಇದ್ದರೂ ನೊರೆ ಬೆಳ್ಳಗೆ ಯಾಕೆ, ಅಕ್ಕನಿಗೆ ಮೊದಲು ಹುಟ್ಟೋಕೆ ಬಿಟ್ಟಿದ್ದು ಯಾಕೆ. ಉತ್ತರ ಹೇಳಿ ಸುಸ್ತಾದ ಅಪ್ಪ ಇಟ್ಟ ಹೆಸರು ಅದು. ಅಪ್ಪ ಹೋದರೂ ಹೆಸರು ಉಳಿಯಿತು. ಅಕ್ಕ ಒಂದು ದಿನ ಆಫೀಸಿನಲ್ಲಿ ಬಾಯಿತಪ್ಪಿ ಹಾಗೆ ಕರೆದದ್ದೇ ನೆಪ, ವಾರ ಕಳೆಯುವಷ್ಟರಲ್ಲಿ ಮ್ಯಾನೇಜರೂ "ಯಾಕಮ್ಮ ಎಲ್ಲಿ?" ಎಂದು ಕೇಳತೊಡಗಿದ್ದರು.

ಆ ಕಂಪನಿ ಪ್ರೋಗ್ರಾಂ ಬರೆಯುವವರಿಗೆ ಬೇಕಾದ ಸಲಕರಣೆಗಳನ್ನು ಮಾಡುತ್ತಿತ್ತು. ಅದರಲ್ಲಿ ಅಕ್ಕನ ಪಾಲಿಗೆ ಬಂದದ್ದು ಅನ್‌ವೈಂಡರ್. ಯಾವುದೋ ಪ್ರೋಗ್ರಾಂ ಓಡುತ್ತ ಓಡುತ್ತ ಸತ್ತುಬಿದ್ದರೆ, ಅದು ಯಾವ ಫಂಕ್ಷನ್‌ನಲ್ಲಿ, ಅಂದರೆ ತನ್ನ ಯಾವ ತುಣುಕಿನಲ್ಲಿ ಸತ್ತಿತು, ಅದನ್ನು ಕರೆದದ್ದು ಯಾವುದು, ಆ ಕರೆದದ್ದನ್ನು ಕರೆದದ್ದು ಯಾವುದು ಎಂದು ಹೆಜ್ಜೆಹೆಜ್ಜೆಯಾಗಿ ಹಿಂದಕ್ಕೆ ನಡೆದು ತೋರಿಸುವುದು ಅದರ ಕೆಲಸ. ಒಂದು ಫಂಕ್ಷನ್ ಇನ್ನೊಂದನ್ನು ಕರೆಯುವಾಗ, ಮರಳಿ ಎಲ್ಲಿಗೆ ಬರಬೇಕು ಎಂಬುದನ್ನು ಸ್ಟ್ಯಾಕ್ ಎಂಬ ಜಾಗದಲ್ಲಿ ಒಂದರ ಮೇಲೊಂದು ಪೇರಿಸಿಟ್ಟು ಹೋಗುತ್ತದೆ. ಎಲ್ಲೆಲ್ಲಿ ಏನೇನು ಇಟ್ಟಿದೆ ಎಂಬ ಸುಳಿವನ್ನು ಪುಟ್ಟ ಪುಟ್ಟ ಅಪ್ಪಣೆಗಳ ರೂಪದಲ್ಲಿ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬರೆದಿಟ್ಟಿರುತ್ತದೆ. ಅನ್‌ವೈಂಡರ್ ಆ ಸುಳಿವುಗಳನ್ನು ಓದುತ್ತ ಗಂಟು ಬಿಚ್ಚುತ್ತ ಹೋಗುತ್ತದೆ. ಅಮ್ಮನಿಗೆ ಒಮ್ಮೆ ಇದನ್ನೆಲ್ಲ ವಿವರಿಸಿದಾಗ ಅವಳು, "ಅಂದ್ರೆ ಸತ್ತ ಮೇಲೆ ವಿಚಾರಣೆ ಮಾಡೋದು. ಪೊಲೀಸ್ ಕೆಲಸ ಅನ್ನು" ಎಂದಿದ್ದಳು.

ಅಕ್ಕನ ಅನ್‌ವೈಂಡರ್ ಬೇರೆಯವರದ್ದಕ್ಕಿಂತ ಬಹಳ ವೇಗವಾಗಿತ್ತು. ಸುಳಿವುಗಳನ್ನು ಪ್ರತಿ ಸಲ ಮೊದಲಿನಿಂದ ಓದುವ ಬದಲು, ಫಂಕ್ಷನ್ ಒಂದರ ಸುಳಿವನ್ನು ಒಮ್ಮೆ ಓದಿ ಸಾರಾಂಶ ಮಾಡಿಟ್ಟುಕೊಳ್ಳುವ ದಾರಿಯೊಂದನ್ನು ಅವಳು ಕಂಡುಕೊಂಡಿದ್ದಳು. ಕಂಪನಿ ಅದನ್ನು ಹೇಳಿಕೊಂಡೇ ಮಾರುತ್ತಿತ್ತು. ಹೊಸಬರು ಸೇರಿದಾಗ ಮ್ಯಾನೇಜರ್ ಅವಳ ಮೇಜಿನ ಹತ್ತಿರ ನಿಲ್ಲಿಸಿ, "ಇವರೇ ಅದನ್ನ ಬರೆದವರು" ಎನ್ನುತ್ತಿದ್ದರು. ಅಕ್ಕ ಕತ್ತೆತ್ತದೆ "ಹಲೋ" ಎನ್ನುತ್ತಿದ್ದಳು. ಕತ್ತೆತ್ತದೆ ಇರುವುದಕ್ಕೆ ಅವಳು ಪ್ರಯತ್ನಪಡಬೇಕಾಗುತ್ತಿತ್ತು.

ಅದನ್ನು ಪರೀಕ್ಷಿಸಲು ಇದ್ದದ್ದು ವರ್ಷಗಳಿಂದ ಕೂಡಿಟ್ಟ ಒಂದಷ್ಟು ನಿಜವಾದ ಸತ್ತ ಪ್ರೋಗ್ರಾಂಗಳು. ಆರಿಸಿದ್ದು ಅಕ್ಕನೇ. ಯಾಕಮ್ಮ ಬಂದ ಮೊದಲ ವಾರವೇ ಕೇಳಿದಳು: "ಇಷ್ಟೇ ಯಾಕೆ?"

"ಇಷ್ಟು ಸಾಕು ಕಣೇ. ಕಂಪೈಲರ್‌ಗಳು ಬರೆಯೋದೇ ಹೀಗೆ."

"ಬರೆಯೋದು ಹೀಗೆ ಸರಿ. ಹೀಗೇ ಬರೀಬೇಕು ಅಂತ ನಿಯಮ ಇದೆಯಾ?"

"ಇಲ್ಲ."

"ಮತ್ತೆ?"

ಅಕ್ಕ ನಕ್ಕು, "ಹೋಗಿ ಏನು ಬೇಕೋ ಮಾಡ್ಕೋ" ಎಂದಳು.

ಯಾಕಮ್ಮ ಮಾಡಿಕೊಂಡಳು. ಸುಳ್ಳು ಫಂಕ್ಷನ್‌ಗಳನ್ನು ಹುಟ್ಟಿಸಿ, ಅವು ಒಂದನ್ನೊಂದು ಕರೆದ ಹಾಗೆ ಸುಳ್ಳು ಸ್ಟ್ಯಾಕ್ ಕಟ್ಟಿ, ಅದಕ್ಕೆ ಹೊಂದುವ ಸುಳಿವಿನ ಅಪ್ಪಣೆಗಳನ್ನು ತಾನೇ ಬರೆದುಕೊಡುವ ಜನರೇಟರ್ ಒಂದನ್ನು ಸಿದ್ಧಪಡಿಸಿದಳು. ಅದು ಒಂದು ಲೋಟ ಕಾಫಿ ಮುಗಿಯುವುದರೊಳಗೆ ಸಾವಿರಗಟ್ಟಲೆ ಸುಳ್ಳು ಸಾವುಗಳನ್ನು ಸೃಷ್ಟಿಸುತ್ತಿತ್ತು. ಎಲ್ಲವೂ ನಿಯಮಕ್ಕೆ ಸರಿ, ಆದರೆ ಯಾವ ಕಂಪೈಲರೂ ಕನಸಿನಲ್ಲಿಯೂ ಬರೆಯದಂಥವು.

"ಇದಕ್ಕೆಲ್ಲ ಸರಿಯುತ್ತರ ಯಾವುದು ಅಂತ ನಿನಗೆ ಹೇಗೆ ಗೊತ್ತಾಗುತ್ತೆ?" ಎಂದು ಮ್ಯಾನೇಜರ್ ಕೇಳಿದರು.

"ಸುಳ್ಳು ಕಟ್ಟಿದವಳು ನಾನೇ ಅಲ್ವಾ ಸರ್. ನಿಜ ಏನು ಅಂತ ನನಗೆ ಗೊತ್ತಿರದೆ ಇರುತ್ತಾ?"

ಮ್ಯಾನೇಜರ್ ಈ ಮಾತನ್ನು ಆಮೇಲೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದರು.

ಮೊದಲ ತಪ್ಪು ಸಿಕ್ಕಿದ್ದು ಒಂದು ಮಧ್ಯಾಹ್ನ, ಊಟ ಮುಗಿಸಿ ಎಲ್ಲರೂ ತೂಕಡಿಸುವ ಹೊತ್ತಿನಲ್ಲಿ. "ಅಕ್ಕಾ! ಸಿಕ್ತು!" ಎಂದು ಯಾಕಮ್ಮ ಹಾಲಿನ ಆ ತುದಿಯಿಂದ ಕೂಗಿದಳು. ಕಳೆದುಹೋದ ಓಲೆ ಮಂಚದ ಕೆಳಗೆ ಸಿಕ್ಕಾಗ ಕೂಗುವ ಹಾಗೆ. ತೂಕಡಿಸುತ್ತಿದ್ದವರೆಲ್ಲ ಎದ್ದು ಬಂದು ಅವಳ ಪರದೆಯ ಸುತ್ತ ನಿಂತರು.

ಸುಳಿವಿನ ಅಪ್ಪಣೆಗಳಲ್ಲಿ 'ಇಲ್ಲಿಯ ಸ್ಥಿತಿ ನೆನಪಿಡು' ಎನ್ನುವುದು ಒಂದು, 'ನೆನಪಿಟ್ಟದ್ದಕ್ಕೆ ಮರಳು' ಎನ್ನುವುದು ಇನ್ನೊಂದು. ಒಂದು ನೆನಪಿನ ಒಳಗೆ ಮತ್ತೊಂದು ನೆನಪು ಬಂದರೆ, ಅಕ್ಕನ ಪ್ರೋಗ್ರಾಂ ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಮರೆತುಬಿಡುತ್ತಿತ್ತು. ಆಮೇಲೆ ತೋರಿಸುವ ದಾರಿಯೆಲ್ಲ ತಪ್ಪು.

"ಹೀಗೆ ಯಾವ ಕಂಪೈಲರ್ರೂ ಬರೆಯಲ್ಲ" ಎಂದಳು ಅಕ್ಕ.

"ಬರೀಬಹುದು ತಾನೆ?" ಎಂದರು ಮ್ಯಾನೇಜರ್.

"ಬರೀಬಹುದು."

"ಹಾಗಾದ್ರೆ ಸರಿಮಾಡಿಬಿಡಿ."

ಅದು ದೊಡ್ಡ ಕೆಲಸವೇನಲ್ಲ. ಸಂಜೆಯೊಳಗೆ ಮುಗಿಸಿದಳು. ಆದರೆ ಸರಿಮಾಡುವಷ್ಟು ಹೊತ್ತೂ ಅವಳ ಕಿವಿಯಲ್ಲಿ ಆ ಕೂಗು. ಅವಳನ್ನು ಕಾಡಿದ್ದು ತಪ್ಪಲ್ಲ. ಅಷ್ಟು ಜನ ಎದ್ದು ತಂಗಿಯ ಮೇಜಿಗೆ ಹೋದರಲ್ಲ, ಅವರಲ್ಲಿ ಒಬ್ಬರೂ ತನ್ನ ಮುಖ ನೋಡಲಿಲ್ಲವಲ್ಲ, ಅದು.

ಅಂದಿನಿಂದ ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ಯಾಕಮ್ಮನ ಸುಳ್ಳುಗಳು ಒಂದಲ್ಲ ಒಂದು ನಿಜವಾದ ತಪ್ಪನ್ನು ಹಿಡಿಯತೊಡಗಿದವು. ಮ್ಯಾನೇಜರ್ ಗೋಡೆಗೆ ದೊಡ್ಡ ಪರದೆ ಹಾಕಿಸಿದರು: ಪಾಸಾದದ್ದು ಹಸಿರು, ಫೇಲಾದದ್ದು ಕೆಂಪು. ಅಕ್ಕ ಬೆಳಿಗ್ಗೆ ಬಂದು ಬ್ಯಾಗ್ ಇಡುವ ಮೊದಲೇ ಅದರತ್ತ ಕಣ್ಣು ಹೋಗುತ್ತಿತ್ತು. ಕೆಂಪು ಕಂಡರೆ ಅವಳ ಮುಖಕ್ಕೇ ಬಳಿದ ಹಾಗೆ. ಹೊರಗಿನಿಂದ ಯಾರೋ ನೋಡಲು ಬಂದಾಗ ಜನರೇಟರ್ ಬಗ್ಗೆ ಮಾತಾಡಲು ಮ್ಯಾನೇಜರ್ ನಿಲ್ಲಿಸಿದ್ದು ಯಾಕಮ್ಮನನ್ನು. ಅವಳು ಕೈ ಬೀಸುತ್ತ, ತೊದಲುತ್ತ, ನಡುನಡುವೆ ತಾನೇ ನಗುತ್ತ ಹೇಳಿದಳು. ಬಂದವರೂ ನಕ್ಕರು. ಅಕ್ಕ ಎರಡನೆಯ ಸಾಲಿನಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದಳು. ತಾನು ಇದೇ ಕೋಣೆಯಲ್ಲಿ ಮಾತಾಡಿದಾಗ ಯಾರೂ ನಕ್ಕ ನೆನಪಿರಲಿಲ್ಲ.

ಮನೆಗೆ ಹೋದರೆ ಅಲ್ಲಿಯೂ ಇದೇ ಪುರಾಣ. ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳುತ್ತಿದ್ದಳು: "ದೊಡ್ಡವಳು ಮಾಡಿದ ತಪ್ಪನ್ನ ಚಿಕ್ಕವಳು ಹುಡುಕಿ ಕೊಡ್ತಾಳಂತೆ ಕಣೇ. ಅದಕ್ಕೂ ಕೆಲಸ ಅಂತಾರೆ ನೋಡು ಈಗಿನ ಕಾಲದಲ್ಲಿ! ಮನೇಲಿ ಬಿಟ್ಟಿಯಾಗಿ ಮಾಡ್ತಿದ್ಲು." ಹೇಳಿ ಬಿದ್ದು ಬಿದ್ದು ನಗುತ್ತಿದ್ದಳು. ಅಮ್ಮನದು ತಮಾಷೆ ಎಂದು ಅಕ್ಕನಿಗೂ ಗೊತ್ತು. ಆದರೂ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ಇನ್ನೊಂದು ಸಂಗತಿ. ಅಕ್ಕನ ಗಂಡನೂ ಇದೇ ಮನೆಯಲ್ಲಿದ್ದ; ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅಕ್ಕ ಅವನನ್ನು ನೋಡಿದ್ದೇ ಕಾರು ಕಲಿಯಲು ಹೋದಾಗ. ಅವಳು ಗಾಡಿಯನ್ನು ಜಗ್ಗಿಸಿ ಜಗ್ಗಿಸಿ ನಿಲ್ಲಿಸುತ್ತಿದ್ದಾಗ ಅವನು ಸಮಾಧಾನದಿಂದ, "ಕ್ಲಚ್ ಬಿಡೋದು ಅಂದ್ರೆ, ಮಲಗಿರೋ ಮಗು ಮುಷ್ಟಿಯಿಂದ ಬೆರಳು ಬಿಡಿಸ್ಕೊಂಡ ಹಾಗೆ. ಅದಕ್ಕೆ ಗೊತ್ತಾಗಬಾರದು" ಎಂದಿದ್ದ. ಈ ಒಂದು ಮಾತಿಗೇ ಅವನನ್ನು ಮದುವೆಯಾದೆ ಎಂದು ಅವಳು ಆಗಾಗ ಹೇಳುತ್ತಿದ್ದಳು. ಈಗ ಅವನು ಭಾನುವಾರಗಳಲ್ಲಿ ಯಾಕಮ್ಮನಿಗೆ ಕಲಿಸುತ್ತಿದ್ದ. ಒಂದು ಭಾನುವಾರ ಅಕ್ಕ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ಕೆಳಗೆ ಬೀದಿಯಲ್ಲಿ ಕಾರು ಜಗ್ಗಿ ನಿಂತಿತು. ತೆರೆದ ಕಿಟಕಿಯಿಂದ ಅವನ ದನಿ ಕೇಳಿತು: "ಮಲಗಿರೋ ಮಗು ಮುಷ್ಟಿಯಿಂದ..." ಹಿಂದೆಯೇ ಯಾಕಮ್ಮನ ನಗು.

ಅವನು ಅದನ್ನು ಕಲಿಯಲು ಬರುವ ಪ್ರತಿಯೊಬ್ಬರಿಗೂ ಹೇಳುತ್ತಾನೆ, ಹೇಳಲೇಬೇಕು, ಅದು ಅವನ ಕಸುಬು. ಒದ್ದೆ ಬೆಡ್‌ಶೀಟ್ ಕೈಯಲ್ಲಿ ಹಿಡಿದು ಅಕ್ಕ ಇದನ್ನೆಲ್ಲ ತನಗೆ ತಾನೇ ಹೇಳಿಕೊಂಡಳು. ಆದರೂ ಹಿಂಡಿದ್ದ ಬೆಡ್‌ಶೀಟನ್ನೇ ಮತ್ತೆ ಮತ್ತೆ ಹಿಂಡಿದಳು. ಊಟಕ್ಕೆ ಕೂತಾಗ, "ಇನ್ನೂ ಕ್ಲಚ್ಚೇ ಬಂದಿಲ್ವಾ ಇವಳಿಗೆ? ಎಷ್ಟು ವಾರ ಆಯ್ತು?" ಎಂದಳು.

"ನಿನಗಿಂತ ಬೇಗ ಕಲ್ತಿದ್ದಾಳೆ" ಎಂದ ಗಂಡ, ಅನ್ನ ಕಲಸುತ್ತ. ಪಾಪ, ಅವನಿಗೇನು ಗೊತ್ತು.

ಹೊಸ ಆವೃತ್ತಿ ಹೊರಡಬೇಕಿದ್ದ ತಿಂಗಳಲ್ಲಿ ಯಾಕಮ್ಮನ ಜನರೇಟರ್ ಅಕ್ಕನ ಸಾರಾಂಶದ ಬುಡಕ್ಕೇ ಕೈ ಹಾಕಿತು. ಸುಳಿವನ್ನು ಸಾರಾಂಶ ಮಾಡುವಾಗ ಅಕ್ಕ ಸಾಮಾನ್ಯವಾಗಿ ಕಾಣುವ ಆಕಾರಗಳಿಗೆ ಮಾತ್ರ ಜಾಗ ಇಟ್ಟಿದ್ದಳು. ನಡುವೆಯೇ ವಿಚಿತ್ರವಾಗಿ ಆಕಾರ ಬದಲಿಸುವ ಫಂಕ್ಷನ್ ಬಂದರೆ ಸಾರಾಂಶ ಸುಳ್ಳು ಹೇಳುತ್ತಿತ್ತು. ಇದು ಸಂಜೆಯೊಳಗೆ ಸರಿಹೋಗುವ ತಪ್ಪಲ್ಲ. ಸಾರಾಂಶವನ್ನೇ ಬಿಚ್ಚಿ ಮೊದಲಿನಿಂದ ಕಟ್ಟಬೇಕು. ಇಲ್ಲವೆ ಹಳೆಯ ನಿಧಾನದ ದಾರಿಗೆ ಮರಳಬೇಕು. ಆ ದಾರಿ ಇನ್ನೂ ಪ್ರೋಗ್ರಾಂ ಒಳಗೆ ಒಂದು ಮೂಲೆಯಲ್ಲಿ ಬಿದ್ದಿತ್ತು; ಆಮೆನಡಿಗೆ, ಆದರೆ ತಪ್ಪುವುದಿಲ್ಲ.

ಗೋಡೆಯ ಮೇಲೆ ಅರ್ಧ ಪರದೆ ಕೆಂಪಾಗಿತ್ತು. "ಅಕ್ಕ, ಇದು ಮಜಾ ಇದೆ ನೋಡು" ಎಂದು ಯಾಕಮ್ಮ ಕುರ್ಚಿ ಎಳೆದುಕೊಂಡು ಪಕ್ಕಕ್ಕೇ ಬಂದಳು. "ನೀನು ಆಮೇಲೆ ನೋಡು, ನಾನು ಹತ್ತು ಬೇರೆ ಬೇರೆ ಥರ ತಂದ್ಕೊಡ್ತೀನಿ."

"ಬೇಡ. ಇರೋದೇ ಸಾಕು."

ತಂಗಿ ಕೊಟ್ಟ ಸುಳ್ಳುಗಳನ್ನು ಒಂದೊಂದಾಗಿ ನೋಡುತ್ತ ಹೋದಾಗ ಅಕ್ಕನಿಗೆ ಒಂದು ವಿಷಯ ಕಂಡಿತು. ಎಲ್ಲ ಸುಳ್ಳು ಸ್ಟ್ಯಾಕ್‌ಗಳೂ ಮೆಮೊರಿಯ ಒಂದೇ ಅಡ್ರೆಸ್‌ನಿಂದ ಶುರುವಾಗುತ್ತಿದ್ದವು. ಒಂದರ ಮುಂದೆ ಸಾಲಾಗಿ ಸೊನ್ನೆಗಳಿದ್ದ ಗುಂಡನೆಯ ಸಂಖ್ಯೆ. ಎಲ್ಲೋ ಒಂದು ಕಡೆ ಶುರುಮಾಡಬೇಕಲ್ಲ ಎಂದು ಯಾಕಮ್ಮ ಯೋಚಿಸದೆ ಆರಿಸಿದ್ದು. ನಿಜವಾದ ಪ್ರೋಗ್ರಾಮಿನ ಸ್ಟ್ಯಾಕ್ ಅಲ್ಲಿಂದ ಶುರುವಾಗುವುದೇ ಇಲ್ಲ.

ಅಕ್ಕ ಎದ್ದು ಹೋಗಿ ನೀರು ಕುಡಿದು ಬಂದಳು. ಕೂತು ಎರಡು ಸಾಲು ಬರೆದಳು: ಸ್ಟ್ಯಾಕ್ ಈ ಅಡ್ರೆಸ್‌ನಿಂದ ಶುರುವಾಗಿದ್ದರೆ ನಿಧಾನದ ದಾರಿಯಲ್ಲಿ ಹೋಗು, ಇಲ್ಲದಿದ್ದರೆ ಸಾರಾಂಶದ ದಾರಿಯಲ್ಲಿ. ಬರೆದದ್ದನ್ನು ಬೇರೆ ಬದಲಾವಣೆಗಳ ದೊಡ್ಡ ರಾಶಿಯ ನಡುವೆ ಸೇರಿಸಿದಳು. ಆಫೀಸಿನ ನಿಯಮದಂತೆ ಮ್ಯಾನೇಜರ್ ಅದನ್ನು ಓದಿ ಒಪ್ಪಬೇಕಿತ್ತು. ಅವರು ರಾಶಿ ನೋಡಿ, "ನೀವು ಬರೆದಿದ್ದನ್ನ ನಾನೇನು ನೋಡೋದು" ಎಂದು ಒಪ್ಪಿಗೆ ಕೊಟ್ಟರು.

ಮರುದಿನ ಬೆಳಿಗ್ಗೆ ಗೋಡೆಯ ಪರದೆ ತುಂಬ ಹಸಿರು.

ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಯಾಕಮ್ಮ. ಓಡಿ ಹೋಗಿ ಕೆಳಗಿನ ಅಂಗಡಿಯಿಂದ ಎಲ್ಲರಿಗೂ ಐಸ್‌ಕ್ರೀಂ ತಂದಳು. "ನನ್ನ ಅಕ್ಕ ಅಂದ್ರೆ ಸುಮ್ನೇನಾ?" ಎಂದು ಚಮಚ ಎತ್ತಿ ಹಿಡಿದು ಸಾರಿದಳು. ಅಕ್ಕ ತನ್ನ ಪಾಲಿನದನ್ನು ಪೂರ್ತಿ ತಿಂದಳು. ರುಚಿಯಾಗಿಯೇ ಇತ್ತು. ಆ ಇಡೀ ವಾರ ಅವಳಿಗೆ ಚೆನ್ನಾಗಿ ನಿದ್ದೆ ಬಂತು, ಅಡುಗೆಮನೆಯಲ್ಲಿ ಗುನುಗುತ್ತಿದ್ದಳು. ತಪ್ಪು ಮಾಡಿದವರಿಗೆ ಊಟ ಸೇರುವುದಿಲ್ಲ ಎಂದು ಅವಳು ಎಲ್ಲೋ ಕೇಳಿದ್ದಳು. ಅವಳಿಗಂತೂ ಸೇರಿತು.

ಹೊಸ ಆವೃತ್ತಿ ಗಿರಾಕಿಗಳಿಗೆ ಹೋಯಿತು. ವಾರಗಳು ಕಳೆದವು. ಯಾಕಮ್ಮನ ಜನರೇಟರ್ ಏನನ್ನೂ ಹಿಡಿಯಲಿಲ್ಲ. ಅವಳು ಇನ್ನೂ ವಕ್ರವಾದ ಸುಳ್ಳುಗಳನ್ನು ಹೆಣೆದಳು. ಹಸಿರು. ಅದಕ್ಕಿಂತ ವಕ್ರವಾದದ್ದು. ಹಸಿರು. ಕೊನೆಗೆ ಮ್ಯಾನೇಜರ್ ಅವಳನ್ನು ಕರೆದು, "ಜನರೇಟರ್ ಕೆಲಸ ಆಯ್ತು ಅನ್ಸುತ್ತೆ, ಯಾಕಮ್ಮ. ನೀನು ಸ್ವಲ್ಪ ದಿನ ಸಹಾಯದ ಪುಟಗಳನ್ನ ತಿದ್ದು" ಎಂದರು. ಯಾವ ಬಟನ್ ಒತ್ತಿದರೆ ಏನಾಗುತ್ತದೆ ಎಂದು ಬರೆಯುವ ಕೆಲಸ. ಯಾಕಮ್ಮ ಮೂಲೆಯ ಮೇಜಿಗೆ ಹೋದಳು. ಯಾರನ್ನೂ ಯಾಕೆ ಎಂದು ಕೇಳಲಿಲ್ಲ.

ಒಂದು ಸಂಜೆ ಆಫೀಸಿನಿಂದ ಬಸ್ಸಿನಲ್ಲಿ ಬರುವಾಗ ಅವಳು ಅಕ್ಕನ ಪಕ್ಕ ಕೂತು ಟಿಕೆಟನ್ನು ಮಡಿಸುತ್ತ ಬಿಚ್ಚುತ್ತ ಇದ್ದಳು. ಆಮೇಲೆ ಹೇಳಿದಳು, "ಅಕ್ಕ, ನಿನಗೊಂದು ಮಾತು. ನಗಬೇಡ."

"ಏನು?"

"ನನ್ನ ತಲೆ ಮೊದಲಿನ ಹಾಗೆ ಓಡ್ತಿಲ್ಲ ಅನ್ಸುತ್ತೆ. ಶುರುವಲ್ಲಿ ಸಿಕ್ಕಿದ್ದೆಲ್ಲ ಅದೃಷ್ಟ ಅಷ್ಟೇ. ನೀನೇ ಹೇಳು, ಏನು ಕಟ್ಟಿದ್ರೆ ನಿನ್ನದು ಬೀಳುತ್ತೆ? ಒಂದೇ ಒಂದು ಹೇಳು. ಎಲ್ಲಿ ನೋಡ್ಬೇಕು ಅಂತ ಗೊತ್ತಾದ್ರೆ ಸಾಕು."

ಅಕ್ಕನ ಬಾಯಿಯಲ್ಲಿ ಮಾತು ಬಂದು ನಿಂತಿತ್ತು. ಕಿಟಕಿಯಾಚೆ ಒಬ್ಬಳು ಅಂಗಡಿಯ ಶಟರ್ ಎಳೆಯುತ್ತಿದ್ದಳು. ಅದು ಅರ್ಧಕ್ಕೆ ಸಿಕ್ಕಿಕೊಂಡಿತ್ತು.

"ಬೀಳೋಕೆ ಇನ್ನೇನೂ ಉಳಿದಿಲ್ಲವೇನೋ" ಎಂದಳು ಅಕ್ಕ. "ಬಿಟ್ಬಿಡು. ಸಹಾಯದ ಪುಟಗಳೂ ಬೇಕಲ್ವಾ ಯಾರಿಗಾದ್ರೂ."

ಯಾಕಮ್ಮ ತಲೆಯಾಡಿಸಿದಳು. ಅವಳ ಮುಖ ಸಪ್ಪಗಾದದ್ದನ್ನು ಅಕ್ಕ ಓರೆಗಣ್ಣಿನಲ್ಲಿ ನೋಡಿದಳು. ನೋಡಿ ಸಂತೋಷವಾಗಬಹುದು ಎಂದು ಕಾದಳು. ಆಯಿತು ಕೂಡ, ಒಂದು ಸ್ಟಾಪಿನಷ್ಟು ದೂರ. ಆಮೇಲೆ ಅದು ಎತ್ತಲೋ ಇಳಿದುಹೋಯಿತು.

ಆಫೀಸಿಗೆ ಹೊಸ ಕೆಲಸವೊಂದು ಬಂತು. ನೀರಿನ ಮೀಟರ್ ಒಳಗೆ ಕೂರಿಸುವಂಥ ಪುಟ್ಟ ಯಂತ್ರದಲ್ಲಿಯೂ ಅನ್‌ವೈಂಡರ್ ನಡೆಯಬೇಕು. ಮ್ಯಾನೇಜರ್ ಯಾಕಮ್ಮನಿಗೆ, "ನಿನ್ನ ಜನರೇಟರನ್ನ ಇದಕ್ಕೂ ಒಮ್ಮೆ ಓಡಿಸು, ಸುಮ್ನೆ ಶಾಸ್ತ್ರಕ್ಕೆ" ಎಂದರು. ಆ ಯಂತ್ರದಲ್ಲಿ ಮೆಮೊರಿ ಇರುವುದೇ ಅಂಗೈಯಗಲ. ಅವಳು ಆರಿಸಿದ್ದ ಗುಂಡು ಅಡ್ರೆಸ್ ಅದರಲ್ಲಿ ಇರಲೇ ಇಲ್ಲ. ಯಾಕಮ್ಮ ಶುರುವಿನ ಅಡ್ರೆಸ್ ಬದಲಿಸಿ ಓಡಿಸಿದಳು.

ಅರ್ಧಕ್ಕರ್ಧ ಕೆಂಪು.

ಯಂತ್ರದ್ದೇ ದೋಷವಿರಬೇಕೆಂದು ತನ್ನ ಕಂಪ್ಯೂಟರಿನಲ್ಲಿಯೇ ಮತ್ತೆ ಓಡಿಸಿದಳು. ಅಲ್ಲಿಯೂ ಕೆಂಪು. ಈ ಸಲ ಕೂಗಲಿಲ್ಲ. ಎದ್ದು ಅಕ್ಕನ ಮೇಜಿಗೆ ನಡೆದು ಬಂದಳು.

"ಅಕ್ಕ, ವಿಚಿತ್ರ ನೋಡು. ಅದೇ ಫಂಕ್ಷನ್, ಅದೇ ಸುಳಿವು. ಅಡ್ರೆಸ್ ಒಂದು ಬಿಟ್ಟು ಏನೂ ಬದಲಾಯಿಸಿಲ್ಲ. ಹಳೇ ಅಡ್ರೆಸ್ ಹಾಕಿದ್ರೆ ಪಾಸು, ಬೇರೆ ಯಾವುದು ಹಾಕಿದ್ರೂ ಫೇಲು. ಅಡ್ರೆಸ್‌ಗೂ ಇದಕ್ಕೂ ಏನು ಸಂಬಂ..."

ಮಾತು ಅಲ್ಲಿಗೇ ನಿಂತಿತು. ಅವಳು ಅಕ್ಕನ ಮುಖ ನೋಡುತ್ತಿದ್ದಳು. ಅಕ್ಕನಿಗೆ ಆ ಮುಖವನ್ನು ಬೇರೆ ಮಾಡಿಕೊಳ್ಳಲು ಆಗಲಿಲ್ಲ.

ಯಾಕಮ್ಮ ತನ್ನ ಮೂಲೆಗೆ ಹೋಗಿ ಕೂತಳು. ಅಕ್ಕನ ಪ್ರೋಗ್ರಾಂ ತೆರೆದಳು. ಹಾಲಿನ ಈ ತುದಿಯಿಂದ ಅಕ್ಕನಿಗೆ ಕಾಣುತ್ತಿದ್ದದ್ದು ತಂಗಿಯ ಬೆನ್ನು ಮತ್ತು ಮೌಸ್ ಮೇಲಿನ ಕೈ ಮಾತ್ರ. ಆ ಕೈ ಸ್ವಲ್ಪ ಸ್ವಲ್ಪವೇ ಅಲುಗುತ್ತಿತ್ತು. ಆಮೇಲೆ ಅಲುಗುವುದು ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ಪ್ರಿಂಟರ್ ಹತ್ತಿರ ಯಾರೋ ಕಾಗದ ಸಿಕ್ಕಿಹಾಕಿಕೊಂಡಿದೆ ಎಂದು ಗೊಣಗುತ್ತಿದ್ದರು. ಯಾಕಮ್ಮ ಬ್ಯಾಗ್ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು. ಅಕ್ಕ ಚಪ್ಪಲಿ ಸಿಕ್ಕಿಸಿಕೊಂಡು ಹಿಂದೆಯೇ ಓಡಿದಳು.

ಕೆಳಗೆ ಬೈಕುಗಳನ್ನು ನಿಲ್ಲಿಸುವ ಜಾಗದಲ್ಲಿ ಯಾಕಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಅಕ್ಕನಿಗೆ ಏನು ಮಾಡಬೇಕೆಂದು ಗೊತ್ತಿತ್ತು.

"ನಾನು ದಡ್ಡಿ ಅಂದ್ಕೊಂಡಿದ್ದೆ" ಎಂದಳು ಯಾಕಮ್ಮ. "ಇಷ್ಟು ದಿನ. ನನಗೇ ಏನೋ ಆಗಿದೆ, ತಲೆ ಕೆಟ್ಟಿದೆ ಅಂತ. ಬಸ್ಸಲ್ಲಿ ನಿನ್ನ ಕೇಳಿದೆ."

"ಕೇಳಿದೆ."

"ನೀನು ಬಿಟ್ಬಿಡು ಅಂದೆ."

"ಅಂದೆ."

"ಯಾಕೆ?"

ಅಕ್ಕ ನೆಪಗಳನ್ನು ಹುಡುಕಿದಳು. ಆವೃತ್ತಿ ಹೊರಡುವ ಅವಸರ, ಆಮೇಲೆ ಸರಿಮಾಡೋಣ ಎಂದುಕೊಂಡದ್ದು. ಎಲ್ಲವೂ ಕೈಗೆಟಕುವ ಹಾಗೇ ಇದ್ದವು. ಆದರೆ ಬಾಯಿಂದ ಬಂದದ್ದು ಬೇರೆ. "ಹೊಟ್ಟೆಕಿಚ್ಚು ಕಣೇ. ನಿನ್ನ ನೋಡಿದ್ರೆ ಮೈ ಉರೀತಿತ್ತು. ಎಲ್ಲರೂ ನಿನ್ನ ಹತ್ರ ಬರೋದು, ನೀನು ನಗೋದು, ಅಮ್ಮ, ಇವರು... ಕಾರಲ್ಲಿ ನೀನು ನಕ್ಕರೂ ಉರೀತಿತ್ತು."

"ಭಾವನ ಜೊತೆ? ಕಾರು ಕಲಿಯೋಕೂ?"

"ಹೂಂ."

ಯಾಕಮ್ಮ ಅವಳನ್ನು ಮೊದಲ ಸಲ ನೋಡುತ್ತಿರುವ ಹಾಗೆ ನೋಡಿದಳು. "ಉರಿದ್ರೆ ಮನೇಲಿ ಬೈಬೇಕಿತ್ತು. ತಟ್ಟೆ ಒಗೀಬೇಕಿತ್ತು. ನನ್ನ ಜುಟ್ಟು ಹಿಡಿದು ಎಳೀಬೇಕಿತ್ತು, ಚಿಕ್ಕೋರಿದ್ದಾಗ ಎಳೀತಿದ್ಯಲ್ಲ. ಇದೇನಕ್ಕ ಇದು? ಪ್ರೋಗ್ರಾಂ ಒಳಗೆ ಬರೆದಿಡೋದು?"

ಅಕ್ಕ ಪಕ್ಕದ ಬೈಕಿನ ಸೀಟಿನ ಹರುಕನ್ನು ಉಗುರಿನಿಂದ ಕೀಳುತ್ತ ನಿಂತಳು.

"ಮೇಲೆ ಹೋಗಿ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ."

ಮ್ಯಾನೇಜರ್ ಕೋಣೆಯಲ್ಲಿ ಅವಳು ನಿಂತುಕೊಂಡೇ ಹೇಳಿದಳು. ಅವರು ಮೊದಲು ತಮಾಷೆ ಎಂದುಕೊಂಡು ನಕ್ಕರು. ಆಮೇಲೆ ಆ ಎರಡು ಸಾಲನ್ನು ತೆರೆದು ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನು ಓದದೆ ಒಪ್ಪಿದೆ" ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅಕ್ಕನಿಗೆ.

ಗಿರಾಕಿಗಳಿಗೆಲ್ಲ ತಿಳಿಸಬೇಕಾಯಿತು. ಅದರಲ್ಲಿ ಒಬ್ಬರು, ಅನ್‌ವೈಂಡರ್ ತೋರಿಸಿದ ತಪ್ಪು ಫಂಕ್ಷನ್‌ನ ಬೆನ್ನುಹತ್ತಿ ವಾರಗಟ್ಟಲೆ ಹಗಲೂ ರಾತ್ರಿ ದುಡಿದಿದ್ದರಂತೆ. ಅವರು ಫೋನಿನಲ್ಲಿ ಕೂಗಾಡಿದ್ದು ಮುಚ್ಚಿದ ಬಾಗಿಲಿನಾಚೆಗೂ ಕೇಳಿತು. ಸಾರಾಂಶದ ದಾರಿಯನ್ನು ತೆಗೆದುಹಾಕಿ, ನಿಧಾನದ್ದನ್ನೇ ಎಲ್ಲರಿಗೂ ಕೊಟ್ಟರು. ಅಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಅನ್‌ವೈಂಡರ್ ಅವಳ ಕೈಬಿಟ್ಟು ಯಾಕಮ್ಮನ ಕೈಗೆ ಹೋಯಿತು. ಯಾಕಮ್ಮ ಬೇಡ ಎನ್ನಲಿಲ್ಲ. ಅವಳು ಅರ್ಧಕ್ಕೆ ಬಿಟ್ಟಿದ್ದ ಸಹಾಯದ ಪುಟಗಳು ಅಕ್ಕನ ಪಾಲಾದವು.

ತಿಂಗಳ ಕೊನೆಗೆ ಯಾಕಮ್ಮ ಬೇರೆ ಮನೆ ಹಿಡಿದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ. ಆಫೀಸಿಗೆ ಹತ್ತಿರ ಎಂದು ಅಮ್ಮನಿಗೆ ಹೇಳಿದಳು. ಅಮ್ಮ ನಂಬಲಿಲ್ಲ. ಒಂದು ದಿನ ಅಳಿಯ ಇಲ್ಲದ ಹೊತ್ತು ನೋಡಿ ಅಕ್ಕನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿ, "ನಿಜ ಹೇಳು. ಕಾರು ಕಲಿಸೋ ವಿಷಯಕ್ಕೆ ಏನಾದ್ರೂ ಆಯ್ತಾ?" ಎಂದಳು.

"ಛೆ, ಇಲ್ಲಮ್ಮ. ನಾನೇ ಅವಳ ಕೆಲಸಕ್ಕೆ ಮೋಸ ಮಾಡಿದೆ."

"ನೀನಾ?" ಅಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಅಕ್ಕ ಎಲ್ಲ ಹೇಳಿದಳು, ಅಡ್ರೆಸ್ಸಿನ ಸಮೇತ. ಅಮ್ಮನಿಗೆ ಅರ್ಧ ಅರ್ಥವಾಯಿತು, ಆದರೆ ಬೇಕಾದ ಅರ್ಧವೇ ಆಯಿತು. "ನಾನೂ ಫೋನಲ್ಲಿ ಬಾಯಿಗೆ ಬಂದ ಹಾಗೆ ಆಡ್ತಿದ್ದೆ" ಎಂದು ಮುಖ ತಿರುಗಿಸಿಕೊಂಡಳು. ಗಂಡನಿಗೆ ಹೇಳಿದಾಗ ಅವನು ಕ್ಲಚ್ಚಿನ ಮಾತಿಗೆ ಬಂದ ಕಡೆ ತಲೆ ಚಚ್ಚಿಕೊಂಡ. "ನಿನ್ನೆ ಅದನ್ನ ಒಬ್ಬ ಪೈಲ್ವಾನನಿಗೂ ಹೇಳ್ದೆ ಕಣೇ!"

ಹೀಗೇ ಅರ್ಧ ವರ್ಷ ಹೋಯಿತು. ಅಕ್ಕ ತಂಗಿ ಆಫೀಸಿನಲ್ಲಿ ಎದುರಾದರೆ ದಾರಿ ಬಿಟ್ಟು ನಡೆಯುತ್ತಿದ್ದರು. ಸಹಾಯದ ಪುಟಗಳನ್ನು ಅಕ್ಕ ಹಲ್ಲುಕಚ್ಚಿ ತಿದ್ದಿದಳು. ಅವಳ ಕುರ್ಚಿಯಲ್ಲಿ ಈಗ ಯಾಕಮ್ಮ. ಹೊಸಬರನ್ನು ಮ್ಯಾನೇಜರ್ ಅಲ್ಲಿಯೇ ನಿಲ್ಲಿಸುತ್ತಿದ್ದರು. ಯಾಕಮ್ಮ ಕತ್ತೆತ್ತಿ, ಎದ್ದು ನಿಂತು ಮಾತಾಡಿಸುತ್ತಿದ್ದಳು. ಹೊಟ್ಟೆಕಿಚ್ಚು ತಪ್ಪೊಪ್ಪಿಕೊಂಡರೆ ಆರುತ್ತದೆ ಎಂದು ಅಕ್ಕ ಅಂದುಕೊಂಡಿದ್ದಳು. ಆರಲಿಲ್ಲ.

ಒಂದು ಶನಿವಾರ ಫೋನ್ ಬಂತು. "ಅಕ್ಕ" ಎಂದಿತು ಆ ಕಡೆಯ ದನಿ. ಎಷ್ಟೋ ದಿನದ ಮೇಲೆ. "ನಿನ್ನ ಸಾರಾಂಶದ ದಾರೀನ ಮತ್ತೆ ಕಟ್ತಿದ್ದೀನಿ. ಒಂದು ಕಡೆ ನೀನು ಏನು ಯೋಚನೆ ಮಾಡಿದ್ದೆ ಅಂತ ಗೊತ್ತಾಗ್ತಿಲ್ಲ. ಬರ್ತೀಯಾ?"

ಕೋಣೆಯಲ್ಲಿ ಒಂದೇ ಕುರ್ಚಿ ಇತ್ತು. ಯಾಕಮ್ಮ ಅದನ್ನು ಅಕ್ಕನಿಗೆ ಕೊಟ್ಟು ತಾನು ಹಾಸಿಗೆಯ ಅಂಚಿನಲ್ಲಿ ಕೂತಳು. ಕೆಳಗಿನಿಂದ ಚಕ್ರ ತಿರುಗಿಸುವ ಸದ್ದು ಬರುತ್ತಿತ್ತು. ಬೇರೆ ಯಾವ ಮಾತೂ ಇಲ್ಲ, ನೇರ ಕೆಲಸ. ಅಕ್ಕ ವಿವರಿಸಿದಳು, ಯಾಕಮ್ಮ ಕೇಳಿದಳು, ಮತ್ತೆ ಕೇಳಿದಳು. ಚಹಾ ಕೊಡುವಾಗ ಲೋಟವನ್ನು ಅಕ್ಕನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಅಕ್ಕ ಅದನ್ನು ಗಮನಿಸಿದಳು. ಕುಡಿದಳು.

ಮುಂದಿನ ವಾರವೂ ಹೋದಳು. ಅದರ ಮುಂದಿನ ವಾರ ಹೋದಾಗ ಯಾಕಮ್ಮ ಏನೂ ಹೇಳದೆ ಪರದೆಯನ್ನು ಇವಳತ್ತ ತಿರುಗಿಸಿದಳು. ಹೊಸ ಸಾರಾಂಶ ಓಡುತ್ತಿತ್ತು. ಪ್ರತಿ ಸಲವೂ ಬೇರೆ ಬೇರೆ ಅಡ್ರೆಸ್, ಬೇರೆ ಬೇರೆ ವಕ್ರ, ಎಲ್ಲ ಹಸಿರು. ಪಕ್ಕದಲ್ಲಿ ವೇಗದ ಸಂಖ್ಯೆ. ಅಕ್ಕ ಅದನ್ನು ಓದಿದಳು. ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಿದಳು. ಅವಳದಕ್ಕಿಂತ ವೇಗ.

ಅದೇ ಹಳೆಯ ಉರಿ ಮತ್ತೆ ಬಂತು.

"ಚೆನ್ನಾಗಿದೆ" ಎಂದಳು. ಆಮೇಲೆ, "ನನಗೆ ಉರೀತಿದೆ ಕಣೇ" ಎಂದಳು.

"ಈಗಲೂನಾ?"

"ಈಗಲೂ. ಜೋರಾಗೇ."

ಯಾಕಮ್ಮ ಹಾಸಿಗೆಯ ಅಂಚಿನಿಂದ ಎದ್ದಳು. ಕೀಬೋರ್ಡನ್ನು ಅವಳ ಮುಂದಕ್ಕೆ ತಳ್ಳಿದಳು. "ಹಾಗಿದ್ರೆ ಬೀಳಿಸು ನೋಡೋಣ. ಜನರೇಟರ್ ಇಲ್ಲೇ ಇದೆ. ನಿನ್ನಷ್ಟು ಕೆಟ್ಟ ಮನಸ್ಸು ಇರೋರು ಬೇರೆ ಯಾರೂ ನನಗೆ ಸಿಗಲ್ಲ."

ಅದು ತಮಾಷೆಯೋ ಏಟೋ ಅಕ್ಕನಿಗೆ ತಿಳಿಯಲಿಲ್ಲ. ಎರಡೂ ಇರಬಹುದು. ಅವಳು ಕುರ್ಚಿ ಮುಂದೆ ಎಳೆದುಕೊಂಡಳು. ಕೆಳಗೆ ಅಂಗಡಿಯವನು ಸೈಕಲ್ ಬೆಲ್ ಸರಿಯಿದೆಯೋ ಎಂದು ಟ್ರಿಣ್ ಟ್ರಿಣ್ ಬಾರಿಸಿ ನೋಡುತ್ತಿದ್ದ. ಕತ್ತಲಾಗುವ ಮೊದಲು ಒಂದನ್ನು ಬೀಳಿಸಲು ನೋಡಿದಳು, ಆಗಲಿಲ್ಲ. ಹತ್ತಿರ ಹೋಗಿದ್ದಳು.

ಮನೆಗೆ ಬಂದಾಗ ಅಮ್ಮ ಬಾಗಿಲ ಬಳಿಯೇ ಕೇಳಿದಳು: "ಮಾತಾಡಿದ್ಲಾ?"

"ಮಾತಾಡಿದ್ಲು."

"ಏನಂದ್ಲು?"

"ಬುಧವಾರ ಆಫೀಸ್ ಮುಗಿಸ್ಕೊಂಡು ಬಾ ಅಂದ್ಲು" ಎಂದು ಹೇಳಿ ಅಕ್ಕ ಕೈಕಾಲು ತೊಳೆಯಲು ಹೋದಳು.